ಉಂಬಳಿಯಿಂದ ಪಿಂಚಣಿಯವರೆಗೆ: ಹಾನಗಲ್ಲ ಸೀಮೆಯಲ್ಲಿ ಸೈನಿಕನ ಹಕ್ಕು

1196ರಲ್ಲಿ ಹೊಯ್ಸಳ ಎರಡನೆಯ ಬಲ್ಲಾಳನ ದಂಡು ಹಾನಗಲ್ಲಿನ ಆನೆಕೆರೆಯ ಬಳಿ ಬೀಡುಬಿಟ್ಟು ಊರಿಗೆ ಮುತ್ತಿಗೆ ಹಾಕಿತು. ಹಾನಗಲ್ಲ ಕದಂಬರ ಕಾಮದೇವನ ದಂಡನಾಯಕ ಸೋಹಣಿ ಮುತ್ತಿಗೆಯನ್ನು ಮುರಿಯುವ ಕಾಳಗದಲ್ಲಿ ಮಡಿದ. ಆ ಸಲ ಬಲ್ಲಾಳ ಹಿಂದೆ ಸರಿಯಬೇಕಾಯಿತು. ಇದನ್ನು ನಮಗೆ ತಿಳಿಸಿರುವುದು ಯಾವ ಅರಮನೆಯ ಕಡತವೂ ಅಲ್ಲ, ಹಾನಗಲ್ಲಿನಲ್ಲೇ ನಿಲ್ಲಿಸಿದ ಒಂದು ವೀರಗಲ್ಲು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕೆರೆ ಏರಿಗಳಲ್ಲಿ, ಗುಡಿಯಂಗಳಗಳಲ್ಲಿ ಇಂಥ ಕಲ್ಲುಗಳು ಇಂದಿಗೂ ನಿಂತಿವೆ. ಕೆಲವು ಒರಗಿವೆ, ಕೆಲವಕ್ಕೆ ಯಾರೋ ಸುಣ್ಣ ಬಳಿದಿದ್ದಾರೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಅಕ್ಷರ ಬಾರದವನೂ ಅದನ್ನು ಓದಬಲ್ಲ. ಕಲಾ ಇತಿಹಾಸಕಾರರು ಈ ಕಲ್ಲುಗಳಲ್ಲಿ ಶಿಲ್ಪ ನೋಡಿದರು, ರಾಜಕೀಯ ಇತಿಹಾಸಕಾರರು ಅರಸರ ಹೆಸರು ಹುಡುಕಿದರು. ದುಡಿದ ಸೈನಿಕನಿಗೂ ಅವನ ಮನೆಯವರಿಗೂ ರಾಜ್ಯ ಏನು ಕೊಡಬೇಕು, ಕೊಟ್ಟದ್ದನ್ನು ಅವರಿಗೆ ಹೇಗೆ ತಿಳಿಸಬೇಕು ಎಂಬ ಪ್ರಶ್ನೆಗೆ ನಮ್ಮ ನೆಲ ಕೊಟ್ಟ ಮೊದಲ ಉತ್ತರವೂ ಅದೇ ಕಲ್ಲುಗಳಲ್ಲಿದೆ. ಅದರತ್ತ ಗಮನ ಹೋದದ್ದು ಕಡಿಮೆ.

ಎಲ್ಲ ವೀರಗಲ್ಲಿನಲ್ಲೂ ದತ್ತಿಯ ಮಾತಿಲ್ಲ. ಆದರೆ ಮಡಿದವನ ಮನೆಗೆ ನೆತ್ತರುಗೊಡಗೆಯೆಂದು, ಗೆದ್ದವನಿಗೆ ಬಾಳ್ಗಚ್ಚೆಂದು ಹೊಲವನ್ನೋ ಊರನ್ನೋ ಬಿಟ್ಟುಕೊಟ್ಟ ದಾಖಲೆಗಳು ಕನ್ನಡ ನಾಡಿನಲ್ಲಿ ಬೇಕಾದಷ್ಟಿವೆ. ಶಾಲೆಯಲ್ಲಿ ನಾವೆಲ್ಲ ಹೆಸರು ಕೇಳಿರುವ ಹಲ್ಮಿಡಿ ಶಾಸನವೇ ಅಂಥದ್ದು. ಕದಂಬರ ಕಾಲದ, ಸುಮಾರು 450ರ ಆ ಕಲ್ಲು ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬವನಿಗೆ ಎರಡು ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟುದನ್ನು ಹೇಳುತ್ತದೆ. ಕನ್ನಡದ ತೀರ ಹಳೆಯ ಬರಹಗಳಲ್ಲಿ ಒಂದು ಸೈನಿಕನೊಬ್ಬನ ಸವಲತ್ತಿನ ಪತ್ರ ಎಂಬುದನ್ನು ನಾವು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಳ್ಳಬಹುದಿತ್ತು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಹೆಸರಿನಲ್ಲೇ ಇನ್ನೊಂದು ಸಾಕ್ಷಿ ಇದೆ. ರಾಷ್ಟ್ರಕೂಟ ಅಮೋಘವರ್ಷನಿಗಾಗಿ ದಂಗೆಗಳನ್ನು ಅಡಗಿಸಿದ ಸೇನಾನಿ ಬಂಕೇಯ ಬನವಾಸಿ ನಾಡಿನ ಆಳ್ವಿಕೆಯನ್ನೇ ಪಡೆದ. ಅವನ ಹೆಸರು ಊರಿಗೆ ಉಳಿಯಿತು. ಅವನ ಮಗ ಲೋಕಾದಿತ್ಯ ಅಲ್ಲಿಂದ ಆಳುತ್ತಿದ್ದಾಗಲೇ, 898ರಲ್ಲಿ, ಜೈನರ ಉತ್ತರಪುರಾಣ ಆ ಊರಿನಲ್ಲಿ ಪೂರ್ತಿಯಾಯಿತು. ಇವೆಲ್ಲ ದೊಡ್ಡವರ ಮಾತಾಯಿತು. ತುರುಗೋಳಿನಲ್ಲಿ ಸತ್ತ ಸಾಮಾನ್ಯ ಊರಾಳಿಗೂ ಕಲ್ಲು ನಿಂತಿತು, ಕೆಲವೊಮ್ಮೆ ಮನೆಯವರಿಗೆ ತುಂಡು ಹೊಲವೂ ದಕ್ಕಿತು. ಹೊಲದ ಎಲ್ಲೆ ಯಾವುದು, ಕೊಟ್ಟವರು ಯಾರು, ಸಾಕ್ಷಿ ಯಾರು ಎಂಬುದು ಕಲ್ಲಿನ ಮೇಲಿತ್ತು. ಕೊನೆಯಲ್ಲಿ, ಈ ದತ್ತಿಯನ್ನು ಅಳಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ತಟ್ಟಲಿ ಎಂಬ ಶಾಪ. ದತ್ತಿ ಕೊಟ್ಟವನೇ ಅದನ್ನು ಊರಿಗೆಲ್ಲ ಸಾರುವ ಹೊಣೆಯನ್ನೂ ಹೊತ್ತಿದ್ದ ಎಂಬುದು ಇಲ್ಲಿ ಮುಖ್ಯ. ಮಡಿದವನ ಹೆಂಡತಿ ತನಗೇನು ಬರಬೇಕೆಂದು ಯಾವ ಕಚೇರಿಯಲ್ಲೂ ವಿಚಾರಿಸಬೇಕಿರಲಿಲ್ಲ.

ಇದನ್ನು ಓದಿ ಯಾರಾದರೂ ನಗಬಹುದು. ಅರಸನ ಮರ್ಜಿಯ ದಾನವನ್ನು ಇಂದಿನ ಹಕ್ಕಿನ ಪಕ್ಕದಲ್ಲಿ ಇಡುವುದೇ? ಆಕ್ಷೇಪ ಸರಿಯಾದದ್ದೇ. ಉಂಬಳಿ ಎಲ್ಲರಿಗೂ ಸಿಗುತ್ತಿರಲಿಲ್ಲ. ಜಾತಿ, ಒಡೆಯನ ಒಲವು, ಊರ ಗೌಡನ ಮಾತು, ಇವೆಲ್ಲ ನಡುವೆ ಬರುತ್ತಿದ್ದವು. ಕೈಕಾಲು ಕಳೆದುಕೊಂಡು ಬದುಕಿ ಬಂದವನಿಗಿಂತ ಸತ್ತವನಿಗೇ ಕಲ್ಲು ಬೇಗ ನಿಲ್ಲುತ್ತಿತ್ತು. ಅರಸು ಬದಲಾದರೆ ಉಂಬಳಿಯೂ ಅಲುಗಾಡುತ್ತಿತ್ತು, ಶಾಪಕ್ಕೆ ಹೆದರದವರು ಯಾವ ಕಾಲದಲ್ಲೂ ಇದ್ದರು. ಹಾಗಾಗಿ ಆ ಕಾಲ ಚೆನ್ನಾಗಿತ್ತು ಎಂಬುದು ನನ್ನ ವಾದವಲ್ಲ. ಕೊಡುವ ಮನಸ್ಸು ಬೇರೆ, ತಿಳಿಸುವ ಪದ್ಧತಿ ಬೇರೆ. ಮೊದಲನೆಯದರಲ್ಲಿ ನಾವು ಬಹಳ ದೂರ ಬಂದಿದ್ದೇವೆ. ಎರಡನೆಯದರಲ್ಲಿ, ಈ ನಾಲ್ಕು ತಾಲ್ಲೂಕುಗಳ ಚರಿತ್ರೆ ನೋಡಿದರೆ, ಸವಲತ್ತಿನ ಸಾಕ್ಷಿ ಊರಿನಿಂದ ದೂರ ಸರಿದಂತೆಲ್ಲ ಅದನ್ನು ಹುಡುಕಿ ತರುವ ಭಾರ ಪಡೆಯುವವನ ಹೆಗಲಿಗೆ ಜಾರುತ್ತಾ ಬಂದಿದೆ.

ಆ ಜಾರುವಿಕೆ ಸವಣೂರಿನ ಕಾಲದಲ್ಲಿ ಕಣ್ಣಿಗೆ ಬೀಳುತ್ತದೆ. ಬಿಜಾಪುರ ಬಿದ್ದ ಮೇಲೆ ಪಠಾಣ ಸರದಾರ ಅಬ್ದುಲ್ ರವೂಫ್ ಖಾನ್ ಔರಂಗಜೇಬನಿಂದ 22 ಮಹಾಲುಗಳ ಜಾಗೀರು ಪಡೆದ. ಬಂಕಾಪುರದಿಂದ ಸವಣೂರಿಗೆ ರಾಜಧಾನಿ ಬಂತು. ಜಾಗೀರು ಎಂದರೆ ಕುದುರೆ ದಂಡನ್ನು ಸಾಕುವ ಕರಾರು. ಅದರ ಆಧಾರ ಫಾರಸಿಯ ಕಾಗದ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನ ದಂಡು ಸವಣೂರಿಗೆ ಮುತ್ತಿಗೆ ಹಾಕಿದ ಮೇಲೆ ನವಾಬರ ಸೀಮೆ ಕರಗುತ್ತ ಹೋಯಿತು, ಮರಾಠರ ಮೋಡಿ ಅಕ್ಷರದ ಸನದುಗಳು ಬಂದವು. ಉಳುವ ಸಿಪಾಯಿಯ ಮಾತು ಕನ್ನಡ, ಅವನ ಹೊಲದ ಹಕ್ಕಿನ ಮಾತು ಫಾರಸಿ ಇಲ್ಲವೇ ಮರಾಠಿ. ಓದಿ ಹೇಳಲು ಕುಲಕರ್ಣಿ ಬೇಕು. ಸವಲತ್ತಿನ ಮತ್ತು ಸೈನಿಕನ ನಡುವೆ ಮೂರನೆಯವನೊಬ್ಬ ಕೂತದ್ದು ಹೀಗೆ. ಉತ್ತರ ಕರ್ನಾಟಕದ ಮನೆತನಗಳಲ್ಲಿ ಸನದಿ, ಜಮಾದಾರ, ಹವಾಲ್ದಾರ, ಕಿಲ್ಲೇದಾರ ಎಂಬ ಅಡ್ಡಹೆಸರುಗಳು ಇಂದಿಗೂ ಉಳಿದಿವೆ. ಹುದ್ದೆ ಹೋಯಿತು, ಹೊಲವೂ ಬಹುಪಾಲು ಹೋಯಿತು, ಹೆಸರು ಮಾತ್ರ ಶಾಲೆಯ ಹಾಜರಿ ಪುಸ್ತಕದಲ್ಲಿದೆ.

ಊರಿನ ಹೊಲ ಉಂಡು, ಠಾಣೆ ಕಾದು, ಕರೆ ಬಂದಾಗ ಕತ್ತಿ ಹಿಡಿದು ಬರುತ್ತಿದ್ದ ಶೇತಸನದಿಗಳು ಧಾರವಾಡ, ಬೆಳಗಾವಿ ಸೀಮೆಯ ಕಾಲಾಳು ಪಡೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಕಂಪನಿ ಬಂದಾಗ ಅವರ ಸ್ಥಿತಿ ತೂಗುಯ್ಯಾಲೆಯಾಯಿತು. ಕಿತ್ತೂರು ಕೈವಶವಾದ ಮೇಲೆ ಸಂಗೊಳ್ಳಿಯ ಒಬ್ಬ ಶೇತಸನದಿಯ ಹೊಲದಲ್ಲಿ ಪಾಲನ್ನು ಕಿತ್ತುಕೊಂಡು ಉಳಿದದ್ದಕ್ಕೆ ಭಾರಿ ಕಂದಾಯ ಹಾಕಿದರು. ಆತ ರಾಯಣ್ಣ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ರಾಯಣ್ಣನ ಬಂಡಾಯಕ್ಕೆ ಕಿತ್ತೂರಿನ ಮೇಲಿನ ನಿಷ್ಠೆ ದೊಡ್ಡ ಕಾರಣ, ಅನುಮಾನವಿಲ್ಲ. ಆದರೆ ಅದರ ಕೆಳಗೆ ಸೇವೆಗೆ ಪ್ರತಿಯಾಗಿ ಬಂದ ಹೊಲದ ತಕರಾರೂ ಇತ್ತು ಎಂಬುದನ್ನು ಲಾವಣಿಯ ಅಬ್ಬರದಲ್ಲಿ ಮರೆಯಬಾರದು.

ರಾಯಣ್ಣನ ನಂತರ ಬಂದದ್ದು ಕತ್ತಿಯಲ್ಲ, ಇನಾಂ ಕಮಿಷನ್. ಕರಮಾಫಿ ಜಮೀನುಗಳ ವಿಚಾರಣೆ 1843ರ ಹೊತ್ತಿಗೆ ದಕ್ಷಿಣ ಮರಾಠಾ ಸೀಮೆಯಲ್ಲಿ, ಎಂದರೆ ನಮ್ಮ ಧಾರವಾಡ ಜಿಲ್ಲೆಯ ಸುತ್ತಲೇ, ಮೊದಲಾಯಿತು. 1852ರ 11ನೇ ಕಾಯಿದೆ ಅದಕ್ಕೆ ಪೂರ್ಣ ಅಧಿಕಾರ ಕೊಟ್ಟಿತು. ಇನಾಂದಾರನೇ ತನ್ನ ಹಕ್ಕನ್ನು ರುಜುವಾತು ಮಾಡಬೇಕು: ಕೊಟ್ಟವನಿಗೆ ಕೊಡುವ ಅಧಿಕಾರವಿತ್ತೇ, ಎಷ್ಟು ತಲೆಮಾರಿನಿಂದ ಅನುಭವ ಇದೆ, ಕಾಗದ ಎಲ್ಲಿ. ಕಮಿಷನ್ನಿನ ಪರವಾಗಿ ಹೇಳಬೇಕಾದ ಮಾತೂ ಇದೆ. ಪೇಶ್ವಾಯಿಯ ಕೊನೆಯ ದಿನಗಳಲ್ಲಿ ಸುಳ್ಳು ಸನದುಗಳು ಧಾರಾಳವಾಗಿ ಹುಟ್ಟಿದ್ದವು, ಪ್ರಭಾವಿಗಳು ಸರ್ಕಾರದ ಕಂದಾಯವನ್ನು ನುಂಗುತ್ತಿದ್ದರು. ತನಿಖೆ ಇಲ್ಲದೆ ಬಡ ರೈತನ ಮೇಲಿನ ಹೊರೆ ಇಳಿಯುತ್ತಿರಲಿಲ್ಲ. ಒಪ್ಪೋಣ. ಆದರೆ ಸುಳ್ಳು ಸನದು ಮಾಡಿಸಿಕೊಳ್ಳುವ ಶಕ್ತಿ ಇದ್ದವನಿಗೆ ವಕೀಲನನ್ನು ಇಡುವ ಶಕ್ತಿಯೂ ಇತ್ತು. ಅಜ್ಜ ಯಾವುದೋ ಕೋಟೆಯ ಬಾಗಿಲಲ್ಲಿ ಸತ್ತು ಗಳಿಸಿದ ನಾಲ್ಕು ಕೂರಿಗೆ ಹೊಲದವನ ಬಳಿ ಗೆದ್ದಲು ತಿಂದ ಕಾಗದವಿತ್ತು, ಇಲ್ಲವೇ ಅದೂ ಇರಲಿಲ್ಲ. ರುಜುವಾತಿನ ಭಾರ ಸಮನಾಗಿ ಹಂಚಿದಂತೆ ಕಂಡರೂ ಬಿದ್ದದ್ದು ಬಡವನ ಮೇಲೆ. 1858ರ ಮೇ ತಿಂಗಳಲ್ಲಿ ಸುರೇಬಾನದ ಬಳಿ ನರಗುಂದದ ಬಾಬಾಸಾಹೇಬನ ಕಡೆಯವರಿಂದ ಹತನಾದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹಿಂದೆ ಇದೇ ಕಮಿಷನ್ನಿನಲ್ಲಿ ದುಡಿದವನಾಗಿದ್ದ. ಸರ್ಕಾರಕ್ಕೆ ಪಾಠ ತಟ್ಟಿತು ಎನ್ನಬೇಕು. 1863ರ ಕಾಯಿದೆಗಳಲ್ಲಿ, ಕಾಲುಭಾಗದಷ್ಟು ಕಂದಾಯಕ್ಕೆ ಒಪ್ಪಿದರೆ ಮುಂದೆ ವಿಚಾರಣೆ ಇಲ್ಲದೆ ಜಮೀನು ಉಳಿಸಿಕೊಳ್ಳಬಹುದು ಎಂದಿತು.

ಇಷ್ಟರಲ್ಲಿ ಸೈನಿಕ ಎಂಬ ಮನುಷ್ಯನೇ ಬದಲಾಗಿದ್ದ. ಹೊಲ ಉಂಡು ಕಾಯುವವನ ಬದಲು ಸಂಬಳ ಪಡೆದು ಸಮುದ್ರ ದಾಟುವವನು ಬಂದ. ಮೊದಲ ಮಹಾಯುದ್ಧದಲ್ಲಿ ಮರಾಠಾ ಪಲ್ಟಣಗಳು ಮೆಸೊಪೊಟೇಮಿಯಾದ ಕೂತ್‌ನಲ್ಲಿ ಮುತ್ತಿಗೆಗೆ ಸಿಕ್ಕಿ 1916ರ ಏಪ್ರಿಲಿನಲ್ಲಿ ಸೆರೆಯಾದವು. ಯುದ್ಧ ಮುಗಿದ ಮೇಲೆ ಸರ್ಕಾರ ಇಂಡಿಯಾದ ಅನೇಕ ಊರುಗಳಲ್ಲಿ ಒಂದೇ ಅಚ್ಚಿನ ಫಲಕ ಹಾಕಿಸಿತು: ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಸತ್ತರು. ಹೆಸರಿಲ್ಲ, ಯಾರ ಮನೆಗೆ ಏನು ಬಂತು ಎಂಬುದೂ ಇಲ್ಲ. ಕಲ್ಲು ಇತ್ತು, ಕಲ್ಲಿನ ಕೆಲಸ ಇರಲಿಲ್ಲ. ಆ ಕೆಲಸಕ್ಕೆಂದು 1919ರಲ್ಲಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಬಂತು, ಅದರ ಕೆಳಗೆ ಜಿಲ್ಲೆಗಳಲ್ಲಿ ಸೈನಿಕ ಮಂಡಳಿಗಳು ಬೆಳೆದವು. ಇಂದಿನ ಕೇಂದ್ರೀಯ ಸೈನಿಕ ಮಂಡಳಿಯ, ಕರ್ನಾಟಕದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಬೇರು ಅಲ್ಲಿದೆ. ಸಿಪಾಯಿಗೆ ತನ್ನ ಸವಲತ್ತು ತಾನಾಗಿ ತಿಳಿಯುವುದಿಲ್ಲ ಎಂದು ವಸಾಹತು ಸರ್ಕಾರವೇ ಒಪ್ಪಿಕೊಂಡಂತಾಯಿತು, ಭರ್ತಿ ನಿಂತೀತೆಂಬ ಭಯದಿಂದಲೇ ಇರಲಿ. ಮುಂದಿನ ಯುದ್ಧದಲ್ಲಿ ಭರ್ತಿ ಮಿತಿಮೀರಿತು. ಎರಡು ಲಕ್ಷದ ಆಸುಪಾಸಿನಲ್ಲಿದ್ದ ಸೇನೆ 25 ಲಕ್ಷಕ್ಕೆ ಬೆಳೆಯಿತು. 1945ರ ಬಳಿಕ ಬಿಡುಗಡೆಯಾದವರಲ್ಲಿ ಬಹುಪಾಲು ಜನರ ಸೇವೆ ಪಿಂಚಣಿಗೆ ಬೇಕಾದ 15 ವರ್ಷ ಮುಟ್ಟಿರಲಿಲ್ಲ. ಕೈಗೆ ಒಂದಿಷ್ಟು ಗ್ರಾಚ್ಯುಟಿ, ಒಂದು ಡಿಸ್ಚಾರ್ಜ್ ಬುಕ್, ಊರಿಗೆ ರೈಲು ಪಾಸು. ಪಿಂಚಣಿಯಿಲ್ಲದ ಈ ಯೋಧರಿಗೂ ಅವರ ವಿಧವೆಯರಿಗೂ ರಾಜ್ಯ ಸರ್ಕಾರ ಮಾಸಾಶನ ಕೊಡಲು ತೊಡಗಿದಾಗ ಬೇಡಿದ ಆಧಾರ ಅದೇ ಡಿಸ್ಚಾರ್ಜ್ ಬುಕ್. ಸೋರುವ ಮಾಡಿನ ಕೆಳಗಿನ ಟ್ರಂಕಿನಲ್ಲಿ ಅದು ಉಳಿದಿದ್ದವರು ಪುಣ್ಯವಂತರು.

ಕಚೇರಿಗಳ ಅಲೆದಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸವಣೂರು ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಇಡೀ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1997ರ ಆಗಸ್ಟಿನಲ್ಲಿ ಹಾವೇರಿ ಜಿಲ್ಲೆಯಾಯಿತು. ಅಲ್ಲಿಯವರೆಗೆ ಹಿರೇಕೆರೂರಿನವನಿಗೆ ಜಿಲ್ಲಾ ಕೇಂದ್ರವೆಂದರೆ ನೂರು ಕಿಲೋಮೀಟರಿಗೂ ಆಚೆಯ ಧಾರವಾಡ. ಐವತ್ತು ವರ್ಷದೊಳಗೆ ಒಂದೇ ಮನೆಯ ಕಾಗದ ಮೂರು ಸರ್ಕಾರಗಳ ಕಪಾಟು ಕಂಡಿರಬಹುದು. ಇದರ ನಡುವೆ ಭೂಸುಧಾರಣೆ ಬಂತು. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಗೇಣಿದಾರನಿಗೆ ಫಾರಂ ನಂಬರ್ 7 ಇತ್ತು. ಅದೇ ಕಾಯಿದೆಯಲ್ಲಿ ಸೈನಿಕನಿಗೂ ಒಂದು ಬಾಗಿಲಿತ್ತು: ಗಡಿಯಲ್ಲಿದ್ದಾಗ ಹೊಲ ಗೇಣಿಗೆ ಕೊಡಲು ವಿನಾಯಿತಿ, ಮರಳಿದಾಗ ನಿಯಮದಂತೆ ನೋಟಿಸು ಕೊಟ್ಟು ಹಿಂಪಡೆಯಲು 15ನೇ ಕಲಂ. ಏಳನೇ ಫಾರಂ ಯಾರಿಗೆ ಗೊತ್ತಿರಲಿಲ್ಲ? ಉಳುವವನೇ ಹೊಲದೊಡೆಯ ಎಂಬ ಘೋಷಣೆಯೊಂದಿಗೆ ಪಕ್ಷಗಳು, ಸಂಘಟನೆಗಳು ಅದನ್ನು ಊರೂರಿಗೆ ಹೊತ್ತು ಹೋಗಿದ್ದವು. ಹದಿನೈದನೇ ಕಲಮನ್ನು ಹೊತ್ತು ಹೋಗಲು ಯಾರೂ ಇರಲಿಲ್ಲ, ಯಾರ ಹಕ್ಕೋ ಅವನು ಊರಿನಲ್ಲೇ ಇರಲಿಲ್ಲ. ಒಂದೇ ಕಾಯಿದೆಯ ಎರಡು ಕಲಮುಗಳಲ್ಲಿ ಒಂದು ಮನೆಮಾತಾಯಿತು, ಇನ್ನೊಂದು ಗೆಜೆಟ್ಟಿನಲ್ಲಿ ಉಳಿಯಿತು. ಹಕ್ಕಿನ ಬಲ ಬರವಣಿಗೆಯಲ್ಲಿ ಎಷ್ಟಿದೆಯೋ ಅಷ್ಟೇ ಅದನ್ನು ಬಾಗಿಲಿಗೆ ಮುಟ್ಟಿಸುವುದರಲ್ಲೂ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಕಾನೂನು ಗೊತ್ತಿಲ್ಲದಿರುವುದು ಯಾರಿಗೂ ನೆಪವಾಗಲಾರದು, ಸವಲತ್ತು ಬೇಕಾದವನು ಕೇಳಿ ತಿಳಿಯಲಿ ಎನ್ನುವವರಿದ್ದಾರೆ. ದಾನವಾಗಿದ್ದರೆ ಈ ಮಾತು ನಡೆಯುತ್ತಿತ್ತು. 1982ರ ಡಿಸೆಂಬರಿನಲ್ಲಿ ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪಿಂಚಣಿ ಮಾಲೀಕನ ಕೃಪೆಯಲ್ಲ, ಹಿಂದೆ ದುಡಿದುದರ ಫಲ ಎಂದು ತೀರ್ಮಾನಿಸಿತು. ಆ ಪ್ರಕರಣದ ವ್ಯಾಪ್ತಿಯಲ್ಲಿ ಸೈನಿಕರ ಪಿಂಚಣಿಯೂ ಇತ್ತು. ದುಡಿದುದರ ಫಲ ಎಂದ ಮೇಲೆ ಸರ್ಕಾರ ಕೊಡಬೇಕಾದವನ ಸ್ಥಾನದಲ್ಲಿದೆ, ಕೊಡಬೇಕಾದವನೇ ಪಡೆಯಬೇಕಾದವನನ್ನು ಹುಡುಕಿಕೊಂಡು ಹೋಗಬೇಕು. ನಡೆಯುತ್ತಿರುವುದು ಇದರ ತದ್ವಿರುದ್ಧ. 2008ರ ತರ್ಸೇಮ್ ಸಿಂಗ್ ತೀರ್ಪಿನ ನಂತರ, ಅಂಗವಿಕಲತೆಯ ಪಿಂಚಣಿ ಕೇಳಲು ತಡಮಾಡಿದವನಿಗೆ ಹಿಂದಿನ ಬಾಕಿ ಸಾಮಾನ್ಯವಾಗಿ ಅರ್ಜಿಗೆ ಮುಂಚಿನ ಮೂರು ವರ್ಷಕ್ಕೆ ನಿಲ್ಲುತ್ತದೆ. ಕೋರ್ಟಿನ ತರ್ಕ ಅರ್ಥವಾಗುವಂಥದ್ದು, ಹಳೆಯ ಲೆಕ್ಕಗಳಿಗೆ ಎಲ್ಲೋ ಕೊನೆ ಬೇಕು. ಆದರೆ ಇಪ್ಪತ್ತು ವರ್ಷ ತಿಳಿಯದೇ ಕೂತವನ ಹದಿನೇಳು ವರ್ಷದ ಹಣ ಯಾರಿಗೆ ಉಳಿಯಿತು? ತಿಳಿಸದೇ ಇದ್ದವರಿಗೆ. ಈ ಒಂದು ಲೆಕ್ಕವೇ ತಿಳಿಸುವ ಹೊಣೆಯನ್ನು ಪಡೆಯುವವನಿಗೆ ಬಿಡಬಾರದು ಎನ್ನಲು ಸಾಕು.

ಹೊಸ ವ್ಯವಸ್ಥೆಯಲ್ಲಿ ಇದೆಲ್ಲ ಬಗೆಹರಿದಿದೆ ಎಂಬುದು ಇನ್ನೊಂದು ವಾದ. ಸಮಾನ ಹುದ್ದೆಗೆ ಸಮಾನ ಪಿಂಚಣಿ 2014ರ ಜುಲೈ 1ರಿಂದ ಲೆಕ್ಕಕ್ಕೆ ಬಂತು, ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯೂ ಇದೆ. 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ. ಪ್ರಯಾಗರಾಜದ ಕಚೇರಿಯಿಂದ ಸ್ಪರ್ಶ್ ಎಂಬ ಗಣಕ ವ್ಯವಸ್ಥೆಯಲ್ಲಿ ಹಣ ನೇರ ಖಾತೆಗೆ ಬೀಳುತ್ತದೆ, ಪಿಂಚಣಿ ಪಾವತಿ ಆದೇಶವನ್ನು (ಪಿಪಿಒ) ಮನೆಯಲ್ಲೇ ನೋಡಬಹುದು. ಇದು ಸಣ್ಣ ಸಾಧನೆಯಲ್ಲ. ಟ್ರಂಕಿನ ಕಾಗದಕ್ಕೆ ಗೆದ್ದಲು ಹಿಡಿಯುವ ಭಯ ಮುಗಿಯಿತು. ಆದರೆ ಸಮಾನ ಪಿಂಚಣಿಯ ಲೆಕ್ಕ ಹುದ್ದೆ, ಗುಂಪು, ಸೇವಾವಧಿಗಳ ನೂರಾರು ಸಾಲಿನ ಕೋಷ್ಟಕಗಳಲ್ಲಿ ಬಂತು, ಇಂಗ್ಲಿಷಿನಲ್ಲಿ. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಕೇಳುವ ಹೆಣ್ಣುಮಗಳ ಹೆಸರು ಪಲ್ಟಣದ ದಾಖಲೆಯಾದ ಪಾರ್ಟ್ ಟು ಆರ್ಡರಿನಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ. ಈ ಸೀಮೆಯಲ್ಲಿ ಬಸವ್ವ, ಬಸಮ್ಮ, ಬಸವಣ್ಣೆವ್ವ ಒಬ್ಬಳೇ ಆಗಿರಬಹುದೆಂದು ನಮಗೆ ಗೊತ್ತು, ಗಣಕಕ್ಕೆ ಗೊತ್ತಿಲ್ಲ. ಮದುವೆಯನ್ನು ಪಲ್ಟಣದಲ್ಲಿ ದಾಖಲಿಸಲು ಗಂಡ ಮರೆತಿದ್ದರೆ ಅಲ್ಲಿಂದ ಶುರು. ಜೀವಿತ ಪ್ರಮಾಣಪತ್ರ ವರ್ಷಕ್ಕೊಮ್ಮೆ ಸಲ್ಲಿಸದಿದ್ದರೆ ಹಣ ನಿಲ್ಲುತ್ತದೆ, ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪದಿದ್ದರೂ ಅದೇ ಗತಿ. ತಕರಾರು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರೆ ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಕುಲಕರ್ಣಿಯ ಜಾಗದಲ್ಲಿ ಈಗ ಪಾಸ್‌ವರ್ಡ್ ಕೂತಿದೆ.

ಹಾವೇರಿ ಜಿಲ್ಲೆಯಲ್ಲಿ ಬೆಳೆವಿಮೆ ಸಿಗದ ರೈತರಿದ್ದಾರೆ, ವಿಧವಾ ವೇತನಕ್ಕೆ ಅಲೆಯುವವರಿದ್ದಾರೆ, ಸೈನಿಕರಿಗೇ ಏಕೆ ವಿಶೇಷ ನೆರವು ಎಂಬ ಪ್ರಶ್ನೆ ಎಲ್ಲಕ್ಕಿಂತ ಗಂಭೀರವಾದದ್ದು. ತಿಳಿಸುವ ಹೊಣೆ ಕೊಡುವವನದು ಎಂಬ ತತ್ವ ರೈತನಿಗೂ ವಿಧವೆಗೂ ಅಷ್ಟೇ ಸಲ್ಲುತ್ತದೆ, ಅದನ್ನು ಸೈನಿಕನಿಗೆ ಮೀಸಲಿಡಲು ಕಾರಣವಿಲ್ಲ. ಸೈನಿಕನ ವಿಷಯದಲ್ಲಿ ಒಂದು ತೊಡಕು ಮಾತ್ರ ಹೆಚ್ಚಿನದು. ರೈತನ ಕಚೇರಿ ತಾಲ್ಲೂಕಿನಲ್ಲಿದೆ. ಇವನ ಸೇವಾ ದಾಖಲೆ ಬೆಳಗಾವಿಯಲ್ಲೋ ಜಬಲ್ಪುರದಲ್ಲೋ, ಪಿಂಚಣಿ ಪ್ರಯಾಗರಾಜದಲ್ಲಿ, ಮಕ್ಕಳ ವಿದ್ಯಾರ್ಥಿವೇತನ ದಿಲ್ಲಿಯ ಮಂಡಳಿಯಲ್ಲಿ, ಜಮೀನು ಮಂಜೂರಿ ಇಲ್ಲಿಯ ತಹಶೀಲ್ದಾರರ ಮೇಜಿನಲ್ಲಿ. ಮೂವತ್ತೈದು-ನಲವತ್ತಕ್ಕೆ ಮರಳಿ ಬಂದವನಿಗೆ ಊರಿನ ಕಚೇರಿಗಳ ಪರಿಚಯವೂ ಇರುವುದಿಲ್ಲ. ಮಾಜಿ ಸೈನಿಕರ ಸಂಘಗಳು ಈ ಬಿಡಿಎಳೆಗಳನ್ನು ಕೂಡಿಸುವ ಕೆಲಸವನ್ನು ತಮ್ಮ ಖರ್ಚಿನಲ್ಲಿ ಮಾಡುತ್ತಿವೆ. ಒಬ್ಬ ನಿವೃತ್ತ ಸುಬೇದಾರ ಹತ್ತು ಮನೆಗಳ ಅರ್ಜಿ ತುಂಬಿಕೊಡುತ್ತಾನೆಂದರೆ ಅದು ಅವನ ದೊಡ್ಡತನ, ಇಲಾಖೆಯ ಕೆಲಸ ಮುಗಿಯಿತೆಂದಲ್ಲ. ಆ ಸುಬೇದಾರನಿಗೆ ವಯಸ್ಸಾದ ಮೇಲೆ ಆ ಹತ್ತು ಮನೆಗಳವರು ಯಾರ ಬಾಗಿಲಿಗೆ ಹೋಗಬೇಕು? ಸ್ಪರ್ಶ್‌ನ ಸೇವೆ ಈಗ ಹಳ್ಳಿಗಳ ಸಾಮಾನ್ಯ ಸೇವಾ ಕೇಂದ್ರಗಳಲ್ಲೂ ಸಿಗುತ್ತದೆ. ಎಂದರೆ ಅಕ್ಕಿಆಲೂರಿನಲ್ಲೋ ಬಂಕಾಪುರದಲ್ಲೋ ಯಂತ್ರ ಇದೆ, ಬೆರಳು ಒತ್ತಿಸುವ ಹುಡುಗ ಇದ್ದಾನೆ. ಕರ್ತವ್ಯದಲ್ಲಿ ಮಡಿದವನ ಹೆಂಡತಿಗೆ ಸಾಮಾನ್ಯ ಕುಟುಂಬ ಪಿಂಚಣಿಯೋ, ವಿಶೇಷದ್ದೋ, ಯುದ್ಧದಲ್ಲಿ ಸತ್ತವರಿಗೆ ಸಲ್ಲುವ ಉದಾರದ್ದೋ ಎಂಬ ವ್ಯತ್ಯಾಸವನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅಂಗವಿಕಲ ಮಗನಿಗೆ ತಾಯಿಯ ನಂತರವೂ ಪಿಂಚಣಿ ಮುಂದುವರಿಯುತ್ತದೆ, ಅದಕ್ಕೆ ಅವಳು ಬದುಕಿರುವಾಗಲೇ ಹೆಸರು ಸೇರಿಸಿಟ್ಟರೆ ಒಳ್ಳೆಯದು ಎಂಬುದೂ ಅವನಿಗೆ ಗೊತ್ತಿಲ್ಲ. ಇದನ್ನು ಕನ್ನಡದಲ್ಲಿ ನಾಲ್ಕು ಪುಟದಲ್ಲಿ ಬರೆದು ಪಂಚಾಯ್ತಿಯ ಗೋಡೆಗೆ ಹಚ್ಚಲು, ತಾಲ್ಲೂಕಿಗೊಬ್ಬ ತಿಳಿದವರನ್ನು ತಿಂಗಳಿಗೊಮ್ಮೆ ಕೂರಿಸಲು ಹೊಸ ಕಾಯಿದೆ ಬೇಕಿಲ್ಲ. ಯಾರ ಮನೆಯಲ್ಲಿ ಯಾವ ಪಲ್ಟಣದವರಿದ್ದಾರೆ, ಯಾರಿಗೆ ಏನು ಬರುತ್ತಿದೆ ಎಂಬ ಪಟ್ಟಿ ಸರ್ಕಾರದ ಗಣಕದಲ್ಲೇ ಇದೆ.